ಯಾರೂ ಮುಟ್ಟದ ಕಾಡು

ಶ್ರೀಲಂಕಾದ ಸಿಂಹರಾಜ ಅರಣ್ಯದ ಬಗ್ಗೆ ಬರೆಯುವವರಲ್ಲಿ ಬಹುಪಾಲು ಜನ ಮೊದಲ ಪುಟ ಮುಗಿಯುವುದರೊಳಗೆ ಒಂದು ಪದಕ್ಕೆ ಬಂದು ನಿಲ್ಲುತ್ತಾರೆ. ಇಂಗ್ಲಿಷಿನಲ್ಲಿ ಅದು ‘ವರ್ಜಿನ್ ಫಾರೆಸ್ಟ್’. ಕನ್ನಡಕ್ಕೆ ತಂದವರು ‘ಕನ್ಯಾರಣ್ಯ’ ಎಂದರು. ಇನ್ನೂ ಸ್ವಲ್ಪ ನಾಜೂಕಾಗಿ ಹೇಳಬೇಕೆನ್ನಿಸಿದವರು ‘ಮನುಷ್ಯರ ಕೈ ಸೋಕದ ಕಾಡು’ ಎಂದರು. ಪ್ರವಾಸಿ ಕೈಪಿಡಿಗಳಲ್ಲಿ, ಹೋಟೆಲಿನವರು ಹಂಚುವ ಬಣ್ಣದ ಹಾಳೆಗಳಲ್ಲಿ, ಹೋಗಿ ಬಂದವರ ಲೇಖನಗಳಲ್ಲಿ, ಎಲ್ಲ ಕಡೆಯೂ ಇದೇ. ಹೊಗಳಿಕೆಯ ಮಾತೆಂದೇ ಎಲ್ಲರೂ ಅದನ್ನು ಬಳಸುವುದು. ನನಗೆ ಅದು ಹೊಗಳಿಕೆಯಾಗಿ ಕೇಳಿಸುವುದಿಲ್ಲ. ಯಾಕೆಂದು ಹೇಳಬೇಕಾದರೆ ಮೊದಲು ಆ ಕಾಡಿನ ಕಥೆಯನ್ನೇ ಹೇಳಬೇಕು.

ಸಿಂಹರಾಜ ಇರುವುದು ದ್ವೀಪದ ನೈಋತ್ಯದಲ್ಲಿ, ರತ್ನಪುರ, ಗಾಲೆ ಮತ್ತು ಮಾತರ ಜಿಲ್ಲೆಗಳು ಒಂದಕ್ಕೊಂದು ತಾಗುವ ಗುಡ್ಡಸಾಲಿನಲ್ಲಿ. ವರ್ಷಕ್ಕೆ 3,600ರಿಂದ 5,000 ಮಿಲಿಮೀಟರು ಮಳೆ. ನಮ್ಮ ಘಟ್ಟದ ಸೀಮೆಯವರಿಗೆ ಈ ಅಂಕಿ ಕೇಳಿದರೇ ಮೈಗೆ ಚಳಿ ಹತ್ತಿ ಕಾಲಿಗೆ ಉಂಬಳ ಹತ್ತಿದಂತಾಗುತ್ತದೆ. 1988ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರ ವಿಸ್ತೀರ್ಣ 8,864 ಹೆಕ್ಟೇರು. ಅಲ್ಲಿನ ಮರಗಳ ಜಾತಿಗಳಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಆ ದ್ವೀಪವನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಬೆಳೆಯುವುದಿಲ್ಲ. ನಮ್ಮ ಪಶ್ಚಿಮ ಘಟ್ಟವನ್ನೂ ಶ್ರೀಲಂಕಾವನ್ನೂ ಜೀವವೈವಿಧ್ಯದ ಲೆಕ್ಕದಲ್ಲಿ ವಿಜ್ಞಾನಿಗಳು ಒಂದೇ ಪ್ರದೇಶವಾಗಿ ಎಣಿಸುತ್ತಾರೆ. ಹಾಗಾಗಿ ಆ ಕಾಡು ನಮಗೆ ಪೂರ್ತಿ ಹೊರಗಿನದೇನಲ್ಲ, ಕಡಲಾಚೆಗೆ ಮದುವೆ ಮಾಡಿಕೊಟ್ಟ ಅಕ್ಕನ ಮನೆ ಇದ್ದಂತೆ. ಸಿಂಹಳದವರು ಅದನ್ನು ಕರೆಯುವ ಹೆಸರು ‘ಸಿಂಹರಾಜ ಅಡವಿಯ’. ಆ ಅಡವಿ ನಮ್ಮ ಅಡವಿಯೇ.

ಈಗ ಪದಗಳ ಸಂಗತಿಗೆ ಬರುತ್ತೇನೆ. ಈ ಕಾಡಿಗೆ ಸರ್ಕಾರಿ ಕಾಗದದಲ್ಲಿ ‘ಕನ್ಯೆ’ ಎನ್ನುವ ಮರ್ಯಾದೆ ಮೊದಲಿಂದ ಇರಲಿಲ್ಲ. 1875ರಲ್ಲಿ ಬ್ರಿಟಿಷರು ಅದನ್ನು ‘ಸಿಂಹರಾಜ ಮುಕಲಾನ’ ಎಂಬ ಹೆಸರಿನಲ್ಲಿ ಮೀಸಲಿಟ್ಟರು. ಮುಕಲಾನ ಎಂದರೆ ಸಿಂಹಳದಲ್ಲಿ ಕಾಡು ಎಂದೇ ಅರ್ಥ. ಆದರೆ ಮೀಸಲಿಟ್ಟದ್ದು ಪಾಳುಭೂಮಿಯ ಕಾನೂನಿನ ಅಡಿಯಲ್ಲಿ. ಉಳುಮೆ ಇಲ್ಲದ, ಕಾಗದಪತ್ರ ಇಲ್ಲದ ನೆಲವೆಲ್ಲ ‘ವೇಸ್ಟ್’, ಆದ್ದರಿಂದ ಅದು ಸರ್ಕಾರದ್ದು ಎನ್ನುವ ಲೆಕ್ಕಾಚಾರ. ಅದೇ ಲೆಕ್ಕದಲ್ಲಿ ಆ ದ್ವೀಪದ ಎಷ್ಟೋ ಬೆಟ್ಟಗಳು ಕಾಫಿಗೂ ಆಮೇಲೆ ಚಹಾಕ್ಕೂ ಹೋದವು. ಅಂದರೆ ಯಾರದ್ದೂ ಆಗಿರದ್ದು ಪಾಳು. ಮುಂದೆ ನೂರು ವರ್ಷ ಕಳೆದ ಮೇಲೆ, ಯಾರದ್ದೂ ಆಗಿರದ್ದು ಕನ್ಯೆ. ಎರಡು ಪದಗಳೂ ಒಂದೇ ಬಾಯಿಂದ ಬಂದಂತೆ ನನಗೆ ಕೇಳಿಸುತ್ತದೆ. ಯಜಮಾನ ಇದ್ದಾನೋ ಇಲ್ಲವೋ ಎಂಬುದೊಂದೇ ಎರಡರ ಪ್ರಶ್ನೆ. ನೆಲ ಏನು ಮಾಡುತ್ತದೆ, ಯಾರನ್ನು ಸಾಕುತ್ತದೆ ಎಂಬುದು ಎರಡರಲ್ಲೂ ಇಲ್ಲ. ಹೆಣ್ಣು ನೋಡಲು ಬಂದವರ ಎದುರು ಕಾಫಿ ತಟ್ಟೆ ಹಿಡಿದು ನಿಂತಿದ್ದ ನನ್ನ ವಯಸ್ಸಿನವರಿಗೆ ಈ ಬಗೆಯ ಪ್ರಶ್ನೆಗಳ ಪರಿಚಯ ಚೆನ್ನಾಗಿಯೇ ಇದೆ.

ಈ ಎರಡು ಪದಗಳ ನಡುವೆ ಇನ್ನೊಂದು ಪದ ಇತ್ತು, ಅದನ್ನು ಕೈಪಿಡಿಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಪ್ಲೈವುಡ್. 1960ರ ದಶಕದ ಕೊನೆಯಲ್ಲಿ ಶ್ರೀಲಂಕಾ ಸರ್ಕಾರ ಸಿಂಹರಾಜದ ಮರಗಳಿಂದ ಪ್ಲೈವುಡ್ ಮಾಡಬೇಕೆಂದು ನಿರ್ಧರಿಸಿತು. ಕೊಸ್ಗಮದಲ್ಲಿ ಅದಕ್ಕೆಂದೇ ಕಾರ್ಖಾನೆ ಕಟ್ಟಲಾಯಿತು. 1970ರ ದಶಕದ ಆರಂಭದಲ್ಲಿ ಯಂತ್ರಗಳು ಕಾಡಿನೊಳಗೆ ಹೋದವು. ಆರಿಸಿ ಕಡಿಯುವುದು ಎಂದು ಅದಕ್ಕೆ ಹೆಸರು. ಆರಿಸಿದ ಮರವೊಂದು ಬೀಳುವಾಗ ಸುತ್ತಲಿನದ್ದನ್ನೂ ಎಳೆದುಕೊಂಡೇ ಬೀಳುತ್ತದೆ, ಅದನ್ನು ಎಳೆದೊಯ್ಯುವ ಟ್ರಾಕ್ಟರಿಗೆ ದಾರಿ ಬೇಕು, ಆ ದಾರಿಯ ಮಣ್ಣು ಮಳೆಗೆ ಹಳ್ಳಕ್ಕೆ ಇಳಿಯುತ್ತದೆ. ವಿಜ್ಞಾನಿಗಳು, ವನ್ಯಜೀವಿಗಳ ಬಗ್ಗೆ ಕಾಳಜಿ ಇದ್ದವರು, ಪತ್ರಿಕೆಗಳಲ್ಲಿ ಬರೆಯುವವರು ಸೇರಿ ವರ್ಷಗಟ್ಟಲೆ ಕೂಗಿದ ಮೇಲೆ 1977ರಲ್ಲಿ ಕಡಿಯುವುದು ನಿಂತಿತು. ಮರುವರ್ಷ, 1978ರಲ್ಲಿ, ಅದು ಯುನೆಸ್ಕೋದ ಜೀವಗೋಲ ಮೀಸಲು ಆಯಿತು. ಹತ್ತು ವರ್ಷಕ್ಕೆ ವಿಶ್ವ ಪರಂಪರೆ.

ಎಂದರೆ ‘ಯಾರೂ ಮುಟ್ಟದ ಕಾಡು’ ಎಂದು ನಾವು ಓದುವ ಕಾಡು ಯಂತ್ರದ ಗರಗಸದ ಕೆಳಗಿನಿಂದ ಬಿಡಿಸಿಕೊಂಡು ಬಂದ ಕಾಡು. ಯಂತ್ರ ಹೋಗದ ಭಾಗಗಳು ಅಲ್ಲಿ ಬೇಕಾದಷ್ಟಿವೆ, ಹಳೆಯ ಮರಗಳೂ ಇವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸಸ್ಯಶಾಸ್ತ್ರದವರು ಅದಕ್ಕೆ ‘ಮೂಲ ಅರಣ್ಯ’ ಎಂದರೆ ಒಪ್ಪುತ್ತೇನೆ, ಅದು ಅಳತೆಯ ಪದ. ಕನ್ಯೆ ಎನ್ನುವುದು ಅಳತೆಯ ಪದವಲ್ಲ, ತೀರ್ಪಿನ ಪದ. ಒಮ್ಮೆ ಮುಟ್ಟಿದರೆ ಆಯಿತು, ಮತ್ತೆ ಸರಿಹೋಗುವಂತಿಲ್ಲ ಎನ್ನುವ ಭಾವ ಅದರ ಹೊಟ್ಟೆಯಲ್ಲೇ ಇದೆ. ‘ಮುಟ್ಟು’ ಎನ್ನುವ ಒಂದೇ ಮಾತಿನಿಂದ ತಿಂಗಳಿಗೆ ಮೂರು ದಿನ ಹಿತ್ತಿಲಲ್ಲಿ ಕೂತವರ ಮನೆಯಲ್ಲಿ ಬೆಳೆದ ನಮಗೆ, ಮುಟ್ಟದಿರುವುದೇ ದೊಡ್ಡತನ ಎಂದು ಯಾರಾದರೂ ಕಾಡಿನ ಬಗ್ಗೆ ಹೇಳಿದರೂ ಒಂದು ಕ್ಷಣ ಕಿವಿ ನೆಟ್ಟಗಾಗಬೇಕಲ್ಲವೆ? ಕೈ ಸೋಕದ್ದು ಮಡಿ, ಸೋಕಿದ್ದು ಮೈಲಿಗೆ. ಮಡಿಯಾದದ್ದನ್ನು ಕಾಪಾಡಬೇಕು. ಹಾಗಾದರೆ ಮೈಲಿಗೆಯಾದ ಕಾಡನ್ನು ಏನು ಮಾಡೋಣ? ಈ ಪದ ಹಿಡಿದು ಹೊರಟರೆ ಅದಕ್ಕೆ ಉತ್ತರ ಸಿಕ್ಕುವುದಿಲ್ಲ. ಅಷ್ಟು ಹೊತ್ತಿಗೆ ಕಾರ್ಖಾನೆಯವನು ಬಂದು, ಹೇಗೂ ಕೆಟ್ಟಿದೆಯಲ್ಲ, ಉಳಿದದ್ದನ್ನೂ ಕೊಡಿ ಎನ್ನುತ್ತಾನೆ.

ಇದಕ್ಕೆ ನೇರ ಎದುರಾಗಿ, ಶ್ರೀಲಂಕಾದ ಕಾಡಿನ ಬಗ್ಗೆ ಬಂದ ಒಂದು ಹೆಸರುವಾಸಿ ಕಾದಂಬರಿಯನ್ನು ನೆನಪಿಸಿಕೊಳ್ಳಬೇಕು. ಲಿಯೊನಾರ್ಡ್ ವೂಲ್ಫ್ ಬರೆದ ‘ದಿ ವಿಲೇಜ್ ಇನ್ ದಿ ಜಂಗಲ್’, 1913ರದ್ದು. ನಮ್ಮಲ್ಲಿ ಹೆಚ್ಚಿನವರು ಈತನನ್ನು ವರ್ಜೀನಿಯಾ ವೂಲ್ಫಳ ಗಂಡ ಎಂದಷ್ಟೇ ಬಲ್ಲೆವು (ಹೆಂಡತಿಯ ಹೆಸರಿನಿಂದ ಗಂಡಸನ್ನು ಗುರುತಿಸುವ ಅವಕಾಶ ನಮಗೆ ಸಿಕ್ಕುವುದು ಅಪರೂಪ, ಇರಲಿ). 1904ರಿಂದ 1911ರವರೆಗೆ ಆತ ಸಿಲೋನಿನಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದ. ಕಾದಂಬರಿ ನಡೆಯುವುದು ಸಿಂಹರಾಜದಲ್ಲಲ್ಲ, ಅದರ ಪೂರ್ವಕ್ಕೆ ಹಂಬನ್‌ತೋಟದ ಒಣ ಕಾಡಿನಲ್ಲಿ. ಆದರೆ ಪದಗಳ ವಿಚಾರಕ್ಕೆ ಅದು ಇಲ್ಲಿ ಸಲ್ಲುತ್ತದೆ. ಅಲ್ಲಿ ಕಾಡು ಕನ್ಯೆಯಲ್ಲ, ಮಾರಿ. ಊರನ್ನು ಹಸಿವಿನಿಂದ, ಜ್ವರದಿಂದ ತಿನ್ನುತ್ತದೆ, ಕೊನೆಗೆ ಊರಿನ ಗುರುತೂ ಉಳಿಯದಂತೆ ನುಂಗುತ್ತದೆ. ಸಿಲಿಂದುವಿನ ಮಗಳು ಪುಂಚಿ ಮೆಣಿಕಾ ಒಬ್ಬಳೇ ಪಾಳು ಗುಡಿಸಲಲ್ಲಿ ಉಳಿದು, ಕಾಡು ಅವಳ ಬಾಗಿಲಿಗೆ ಬರುವವರೆಗೆ ಕಾಯುತ್ತಾಳೆ.

ಒಳ್ಳೆಯ ಕಾದಂಬರಿ. ಅಧಿಕಾರಿಯಾಗಿದ್ದವನೊಬ್ಬ ಹಳ್ಳಿಯ ಬಡವರ ಒಳಗನ್ನು ಇಷ್ಟು ಹತ್ತಿರದಿಂದ ಬರೆದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೆ ಕಥೆಯಲ್ಲಿ ನಡೆಯುವ ಸಂಗತಿಗಳನ್ನು ಮಾತ್ರ ಪಟ್ಟಿ ಮಾಡಿ ನೋಡಿ. ಕುಮರಿ ಬೇಸಾಯಕ್ಕೆ ಬೇಕಾದ ಪರವಾನಗಿಯನ್ನು ಊರ ಮುಖ್ಯಸ್ಥ ತನ್ನ ಮುಷ್ಟಿಯಲ್ಲಿಟ್ಟುಕೊಂಡಿದ್ದಾನೆ. ಪೇಟೆಯಿಂದ ಬಂದ ಸಾಲಗಾರನಿಗೆ ಪುಂಚಿ ಮೆಣಿಕಾಳ ಮೇಲೆ ಕಣ್ಣು. ಅವಳ ಗಂಡ ಬಾಬುನನ ಮೇಲೆ ಸುಳ್ಳು ಕಳ್ಳತನದ ಆರೋಪ, ಕೋರ್ಟು, ಜೈಲು. ಆ ಸಂಸಾರವನ್ನು ಮುಗಿಸಿದ್ದು ಕಂದಾಯ, ಸಾಲ ಮತ್ತು ನ್ಯಾಯಾಲಯ. ವರ್ಣನೆಗಳಲ್ಲಿ ಮಾತ್ರ ಅಪರಾಧಿ ಕಾಡು. ವೂಲ್ಫ್ ಘಟನೆಗಳಲ್ಲಿ ಕಂಡದ್ದನ್ನು ವಾಕ್ಯಗಳಲ್ಲಿ ಮರೆತ ಎಂದು ನನ್ನ ಭಾವನೆ. ಹೆಂಗಸರ ಬಗ್ಗೆ ಗಂಡಸರು ಬರೆದ ಸಾಹಿತ್ಯದಲ್ಲಿ ನಾವು ಬಹಳ ಸಲ ಕಂಡ ಜೋಡಿ ಇದು, ಒಂದೋ ದೇವಕನ್ಯೆ ಇಲ್ಲವೇ ರಕ್ಕಸಿ. ಮನೆ ನಡೆಸುವವಳು, ಬೆಳಗಾದರೆ ಒಲೆ ಹಚ್ಚುವವಳು ಎಲ್ಲಿ ಹೋದಳು ಎಂದು ಹುಡುಕಬೇಕು.

ಸಿಂಹರಾಜದ ಸುತ್ತಲಿನ ಹಳ್ಳಿಗಳಲ್ಲಿ ಅವಳು ಬೈನೆ ರಸ ಕಾಯಿಸುತ್ತಿದ್ದಾಳೆ. ಮಲೆನಾಡಿನ ಕಾದಂಬರಿ ಓದಿದವರಿಗೆ ಬಗನಿ ಕಳ್ಳಿನ ಪರಿಚಯ ಇದೆ. ಅದೇ ಬಗನಿ, ಅದೇ ಬೈನೆ ಮರವನ್ನು ಸಿಂಹಳದಲ್ಲಿ ‘ಕಿತುಲ್’ ಎನ್ನುತ್ತಾರೆ. ಗಂಡಸು ಮರ ಹತ್ತಿ ಹೂಗೊಂಚಲಿನ ತುದಿಯನ್ನು ದಿನವೂ ತೆಳ್ಳಗೆ ಕೆತ್ತಿ, ಸೋರುವ ಸಿಹಿರಸವನ್ನು ಬೆಳಿಗ್ಗೆ ಸಂಜೆ ಇಳಿಸುತ್ತಾನೆ. ಆ ರಸ ಹೊತ್ತು ಮೀರಿದರೆ ಹುಳಿಯುತ್ತದೆ, ಕಳ್ಳಾಗುತ್ತದೆ. ಅದಕ್ಕೆಂದು ಮಡಕೆಯೊಳಗೆ ‘ಹಲ್’ ಎಂಬ ಮರದ ತೊಗಟೆಯ ಚೂರು ಹಾಕುವ ರೂಢಿ ಇದೆ, ನಮ್ಮ ಘಟ್ಟದ ಸಾಲುಧೂಪದ ದಾಯಾದಿ ಮರ ಅದು. ಆಮೇಲಿನದು ಹೆಂಗಸರ ಪಾಲು. ಸೋಸಬೇಕು, ಕಟ್ಟಿಗೆ ಒಲೆಯ ಮೇಲೆ ಗಂಟೆಗಟ್ಟಲೆ ಕಾಯಿಸಬೇಕು, ಪಾಕದ ಹದ ನೋಡಬೇಕು. ಜೋನಿ ಹದಕ್ಕೆ ಇಳಿಸಿದರೆ ‘ಪೆಣಿ’, ಇನ್ನೂ ಕಾಯಿಸಿ ತೆಂಗಿನ ಚಿಪ್ಪಿಗೆ ಹೊಯ್ದರೆ ‘ಹಕುರು’, ನಮ್ಮ ಅಚ್ಚುಬೆಲ್ಲದ ಹಾಗೆ. ಪಾಕದ ಹದ ಒಂದು ನಿಮಿಷ ಹೆಚ್ಚಾದರೆ ಏನಾಗುತ್ತದೆಂದು ಸಂಕ್ರಾಂತಿಗೆ ಸಕ್ಕರೆ ಅಚ್ಚು ಎರೆದವರಿಗೆ ಹೇಳಬೇಕಾಗಿಲ್ಲ. ಕಾಡಿನ ಬೆತ್ತದಿಂದ ಬುಟ್ಟಿ, ಕಾಡಿನ ಏಲಕ್ಕಿ, ಜ್ವರಕ್ಕೆ ಕಷಾಯ ಮಾಡುವ ಮರದರಿಶಿನದ ಬಳ್ಳಿ, ಇವೆಲ್ಲ ಆ ಮನೆಗಳ ಲೆಕ್ಕಪುಸ್ತಕದಲ್ಲಿ ತಲೆಮಾರುಗಳಿಂದ ಇದ್ದವು. ಇದೆಲ್ಲವೂ ಮುಟ್ಟುವುದೇ. ಮುಟ್ಟಿಯೂ ಕಾಡು ಉಳಿದಿತ್ತು, ಪ್ಲೈವುಡ್ಡಿನವರು ಬರುವವರೆಗೆ.

ನಾನು ಈ ಕಾಡಿನ ಅಂಚನ್ನು ಒಮ್ಮೆ ನೋಡಿದ್ದೇನೆ. ನಾವು ಆರು ಜನ ಶಿಕ್ಷಕಿಯರು ದಸರಾ ರಜೆಯಲ್ಲಿ ಕೊಲಂಬೊ, ಕ್ಯಾಂಡಿ ಎಂದು ಪ್ರವಾಸ ಹೋದಾಗ ಒಂದು ದಿನ ರತ್ನಪುರದ ಕಡೆಯಿಂದ ಕುಡಾವಕ್ಕೆ ಹೋಗಿದ್ದೆವು. ಟಿಕೇಟು ಕೊಳ್ಳುವಲ್ಲಿ ಊರಿನವನೇ ಆದ ಒಬ್ಬ ಮಾರ್ಗದರ್ಶಿಯನ್ನು ಜೊತೆಗೆ ಕೊಡುತ್ತಾರೆ. ಮಳೆ ಬಿಡಲಿಲ್ಲ. ನಮ್ಮಲ್ಲಿ ಒಬ್ಬರು ಉಂಬಳಕ್ಕೆ ಹೆದರಿ ಸೀರೆಯ ಕೆಳಗೆ ಎರಡೆರಡು ಜೊತೆ ಕಾಲುಚೀಲ ಏರಿಸಿದ್ದರು, ಉಂಬಳ ಹತ್ತಿದ್ದು ಅವರಿಗೇ. ಒಂದು ಕಡೆ ಮರದ ಮೇಲೆ ಒಮ್ಮೆಲೇ ಗದ್ದಲವೆದ್ದಿತು. ಬಗೆಬಗೆಯ ಹಕ್ಕಿಗಳು ಒಟ್ಟಾಗಿ ದಿಬ್ಬಣದಂತೆ ಹಾದುಹೋದವು. ಬಾಲ ಕವಲೊಡೆದ, ನಮ್ಮ ಕಾಜಾಣದ ನೆಂಟನೊಂದು ಅದರ ಮುಂದಾಳು. ಇಂಥ ಒಂದು ಗುಂಪಿನಲ್ಲಿ ಸರಾಸರಿ 40ಕ್ಕೂ ಹೆಚ್ಚು ಹಕ್ಕಿಗಳು, 11 ಜಾತಿಗಳವು ಇರುತ್ತವೆಂದು ಅಲ್ಲಿ ವರ್ಷಗಟ್ಟಲೆ ಕೂತು ಎಣಿಸಿದವರು ಬರೆದಿದ್ದಾರೆ. ನಾವು ನಡೆದದ್ದು ಅಗಲವಾದ, ಒಳ್ಳೆಯ ದಾರಿ. ಇಷ್ಟು ದೊಡ್ಡ ಕಾಡಿನಲ್ಲಿ ಇಷ್ಟು ಸಲೀಸಾದ ದಾರಿ ಯಾರು ಮಾಡಿದರು ಎಂದು ಕೇಳಿದಾಗ ಮಾರ್ಗದರ್ಶಿ, ಮರ ಸಾಗಿಸಲು ಮಾಡಿದ್ದು ಎಂದ. ಪ್ರವಾಸಿಗಳು ಕನ್ಯಾರಣ್ಯ ನೋಡಲು ಹೋಗುವುದು ಲಾರಿಯ ದಾರಿಯಲ್ಲಿ! ಸಂಜೆ ಹೋಟೆಲಿನಲ್ಲಿ ಎಮ್ಮೆ ಮೊಸರಿನ ಮೇಲೆ ಕಿತುಲ್ ಪೆಣಿ ಸುರಿದು ಕೊಟ್ಟರು. ಬಹಳ ರುಚಿ. ಅಲ್ಲಿದ್ದ ಬಣ್ಣದ ಹಾಳೆಯಲ್ಲಿ ಕಾಡಿಗೆ ಒಂದು ಪುಟ, ಪೆಣಿಗೆ ಬೇರೆ ಒಂದು ಪುಟ. ಎರಡಕ್ಕೂ ಸಂಬಂಧವಿದೆ ಎಂಬ ಸುಳಿವು ಎಲ್ಲೂ ಇರಲಿಲ್ಲ.

ಪದದಿಂದ ಇಷ್ಟೆಲ್ಲ ಆಗುತ್ತದೆಯೆ, ಟೀಚರಮ್ಮ ವ್ಯಾಕರಣ ತಿದ್ದುತ್ತಿದ್ದಾಳೆ ಎಂದು ನೀವು ನಗಬಹುದು. ಆಗುತ್ತದೆ. 1988ರಲ್ಲಿ ರಾಷ್ಟ್ರೀಯ ಪರಂಪರೆಯ ವನ್ಯಪ್ರದೇಶಗಳ ಕಾನೂನು ಬಂದಾಗ, ಒಳಗಿನ ಗಿಡ ಕೀಳುವುದು, ಸಂಗ್ರಹಿಸುವುದು ಅಪರಾಧವಾಯಿತು. ಕಾರ್ಖಾನೆಯ ಗರಗಸವೂ ಬುಟ್ಟಿ ಹೆಣೆಯುವವಳ ಕತ್ತಿಯೂ ಕಾಗದದಲ್ಲಿ ಒಂದೇ ಆದವು. ಕಾನೂನು ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಚಹಾ ತೋಟಗಳು ಇಷ್ಟು ಹೊತ್ತಿಗೆ ಗುಡ್ಡದ ನೆತ್ತಿಗೆ ಹೋಗಿರುತ್ತಿದ್ದವು. ಆದರೆ ಕಾಡಿನೊಳಗೆ ಮೊದಲು ಯಾರೂ ಇರಲೇ ಇಲ್ಲ ಎಂದುಕೊಂಡು ಬರೆದ ಕಾನೂನಿಗೂ, ಇದ್ದರು ಎಂದು ತಿಳಿದು ಬರೆದ ಕಾನೂನಿಗೂ ವ್ಯತ್ಯಾಸ ಇರುತ್ತಿತ್ತು.

2020ರ ಆಗಸ್ಟಿನಲ್ಲಿ ಇದು ಬೀದಿಗೆ ಬಂತು. ಕಾಡಿನ ದಕ್ಷಿಣದ ಅಂಚಿನಲ್ಲಿ ಲಂಕಾಗಮ ಎಂಬ ಹಳ್ಳಿ. ಅಲ್ಲಿಂದ ದೆಣಿಯಾಯದ ಕಡೆಗೆ ರಸ್ತೆ ಮಾಡಲು ಯಂತ್ರಗಳು ಮತ್ತೆ ಬಂದವು. ಫೋಟೋಗಳು ಹರಡಿದವು, ಕೊಲಂಬೊದ ಓದಿದ ಜನ ಕನ್ಯಾರಣ್ಯಕ್ಕೆ ಕೈ ಹಾಕಿದರೆಂದು ಸಿಟ್ಟಾದರು. ಊರಿನವರು, ಇದು ನಮ್ಮ ಹಳೆಯ ಕಾಲುದಾರಿ, ಪೇಟೆಗೂ ಆಸ್ಪತ್ರೆಗೂ ಹೋಗಲು ನಮಗೆ ರಸ್ತೆ ಬೇಡವೆ ಎಂದರು. ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಶಾಲೆಗೆ ಬಾರದ ಮಕ್ಕಳ ಹಾಜರಿ ಪುಸ್ತಕ ಇಟ್ಟವಳು ನಾನು. ಊರಿನವರ ಮಾತನ್ನು ಸುಲಭವಾಗಿ ತಳ್ಳಿಹಾಕಲಾರೆ. ರಸ್ತೆಯ ಬೆನ್ನಿಗೆ ಯಾರು ಯಾರು ಬರುತ್ತಾರೆಂದೂ ನಮ್ಮ ಘಟ್ಟದಲ್ಲಿ ನೋಡಿದ್ದೇನೆ. ಮೊದಲು ಆಂಬುಲೆನ್ಸ್ ಎನ್ನುತ್ತಾರೆ, ಆಮೇಲೆ ರೆಸಾರ್ಟಿನವರ ಕಾರು ಬರುತ್ತದೆ. ಎಷ್ಟು ಅಗಲ, ಯಾವ ಬಗೆಯ ರಸ್ತೆ, ಯಾರ ವಾಹನಕ್ಕೆ ಎಂದು ಕೂತು ಮಾತಾಡಬೇಕಾದ ಸಂಗತಿ ಅದು. ಅಂಥ ಮಾತಿಗೆ ‘ಕನ್ಯೆ’ ಅವಕಾಶವನ್ನೇ ಕೊಡುವುದಿಲ್ಲ. ಅವಳ ಮಾನ ಒಂದೋ ಇದೆ, ಇಲ್ಲವೇ ಹೋಯಿತು. ಹಳ್ಳಿಯವರು ತಾವು ಹುಟ್ಟಿ ಬೆಳೆದಲ್ಲೇ ಮಾನ ತೆಗೆಯಲು ಬಂದವರಾಗಿಬಿಡುತ್ತಾರೆ.

ಆ ಪದ ಇಲ್ಲದಿದ್ದರೆ ಜನರ ಮನಸ್ಸು ಕರಗುವುದಿಲ್ಲ, ಕಾಡು ಉಳಿಸಲು ಅಷ್ಟಾದರೂ ಉತ್ಪ್ರೇಕ್ಷೆ ಬೇಕು ಎಂದು ಗೆಳತಿಯೊಬ್ಬರು ವಾದಿಸಿದರು. ನಾನು ಓದಿದ ಮಟ್ಟಿಗೆ ಸಿಂಹರಾಜದ ಪರವಾಗಿ ಗಟ್ಟಿ ಸಾಕ್ಷಿ ಒದಗಿಸಿದ್ದು ಹೊಗಳಿಕೆಯಲ್ಲ, ಎಣಿಕೆ. ಪೆರಾದೆಣಿಯ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳಾದ ಸಾವಿತ್ರಿ ಗುಣತಿಲಕೆ ಮತ್ತು ಅವರ ಪತಿ ನಿಮಲ್ ಗುಣತಿಲಕೆ ದಶಕಗಟ್ಟಲೆ ಆ ಗುಡ್ಡಗಳನ್ನು ಹತ್ತಿಳಿದು, ಯಾವ ಮರ ಎಲ್ಲಿದೆ, ಯಾವುದು ದ್ವೀಪಕ್ಕೆ ಮಾತ್ರ ಸೇರಿದ್ದು ಎಂದು ಲೆಕ್ಕವಿಟ್ಟರು. 1990ರ ದಶಕದಲ್ಲಿ ಅಲ್ಲಿ 25 ಹೆಕ್ಟೇರಿನ ಒಂದು ಅಧ್ಯಯನದ ತಾಕು ಮಾಡಿದರು. ಕಾಂಡ ಒಂದು ಸೆಂಟಿಮೀಟರು ದಪ್ಪವಾಗಿರುವ ಪ್ರತಿಯೊಂದು ಗಿಡವನ್ನೂ ಅಳೆದು, ಹೆಸರು ಬರೆದು, ಒಂದೊಂದಕ್ಕೂ ನಂಬರಿನ ಬಿಲ್ಲೆ ಕಟ್ಟಿದರು. 2 ಲಕ್ಷಕ್ಕೂ ಹೆಚ್ಚು ಗಿಡಮರಗಳು, 200ಕ್ಕೂ ಹೆಚ್ಚು ಜಾತಿಗಳು. ಯೋಚಿಸಿ ನೋಡಿ. ಕೈ ಸೋಕದ ಕಾಡೆಂದು ಹೆಸರಾದ ಕಡೆ, 2 ಲಕ್ಷ ಸಲ ಒಬ್ಬರಲ್ಲ ಒಬ್ಬರ ಕೈ ಮರದ ಮೈಯನ್ನು ಮುಟ್ಟಿದೆ. ಹೊಸದಾಗಿ ಸೇರಿದ ಮಕ್ಕಳ ಹೆಸರನ್ನು ದಾಖಲಾತಿ ಪುಸ್ತಕಕ್ಕೆ ಏರಿಸುವಾಗ ಇರುವ ಎಚ್ಚರದ ಮುಟ್ಟುವಿಕೆ ಅದು.

ಇನ್ನೊಂದು ಸಂಗತಿಯನ್ನೂ ಹೇಳಬೇಕು. ಕಡಿಯುವುದು ನಿಂತ ಮೇಲೆ, ಸುಮಾರು 1978ರಿಂದ, ಅರಣ್ಯ ಇಲಾಖೆಯವರು ಕಾಡಿನ ಅಂಚಿನ ಬೋಳು ಗುಡ್ಡಗಳಲ್ಲಿ ಬೇಲಿಯಂತೆ ಕೆರಿಬಿಯನ್ ಪೈನ್ ನೆಟ್ಟರು. ದೂರದಿಂದ ತಂದ ಮರ, ಅಡಿಯಲ್ಲಿ ಸೂಜಿ ಎಲೆಗಳ ಹಾಸು, ಅಲ್ಲಿ ಆ ನಾಡಿನ ಮರಗಳು ತಾವಾಗಿ ಬರುವುದು ಕಷ್ಟ. ಗುಣತಿಲಕೆ ದಂಪತಿಗಳೂ ಅವರ ಜೊತೆಯ ವಿಜ್ಞಾನಿಗಳೂ 1990ರ ದಶಕದಲ್ಲಿ ಆ ತೋಪುಗಳಲ್ಲಿ ಕೆಲವು ಸಾಲು ಪೈನುಗಳನ್ನು ತೆಗೆದು, ಉಳಿದ ನೆರಳಿನಲ್ಲಿ ಸಿಂಹರಾಜದ್ದೇ ಮರಗಳ ಸಸಿ ನೆಟ್ಟು ನೋಡಿದರು. ಪೂರ್ತಿ ಬಿಸಿಲಿನಲ್ಲಿ ಬಾಡುವ ಸಸಿಗಳು, ಪೂರ್ತಿ ಕತ್ತಲಲ್ಲಿ ಏಳದ ಸಸಿಗಳು, ಆ ಅರೆನೆರಳಿನಲ್ಲಿ ಎದ್ದವು. ಎಷ್ಟು ಸಾಲು ತೆಗೆದರೆ ಯಾವ ಜಾತಿಗೆ ಒಗ್ಗುತ್ತದೆ ಎಂಬ ಲೆಕ್ಕವೂ ಸಿಕ್ಕಿತು. ಹೊರಗಿನಿಂದ ಬಂದ ಮರವೇ ಮನೆಯ ಮಕ್ಕಳಿಗೆ ನೆರಳು ಕೊಟ್ಟಿತು ಎನ್ನಿ. ಕೆಟ್ಟ ನೆಲವನ್ನು ಮತ್ತೆ ಕಾಡಿನ ಕಡೆಗೆ ತಿರುಗಿಸುವ ಈ ಕೆಲಸದಲ್ಲಿ ಸಸಿ ಮಡಿಯಲ್ಲಿ ನೀರು ಹಾಕುವುದು, ಕಳೆ ತೆಗೆಯುವುದು, ಅಳೆದು ಬರೆದುಕೊಳ್ಳುವುದು, ಎಲ್ಲವೂ ಕೈಯ ಕೆಲಸವೇ.

ಕುಡಾವಕ್ಕೆ ಹೋಗುವ ಜೀಪಿನ ಹಾದಿಯ ಬದಿಯಲ್ಲೂ ಪೈನು ಕಾಣುತ್ತದೆ. ನಾವು ಹೋದ ದಿನ ಚಾಲಕ ಅಲ್ಲಿ ನಿಲ್ಲಿಸಲಿಲ್ಲ, ನಾವೂ ನಿಲ್ಲಿಸು ಎನ್ನಲಿಲ್ಲ. ಕಾಡು ಇನ್ನೂ ಮುಂದಿದೆ ಎಂದ.